ಸಲಮಾಂಕಾಕ್ಕೆ ಹೋದ ಊಟದ ತಟ್ಟೆ

ಹೆಂಡತಿ ತವರಿಗೆ ಹೋಗುತ್ತೇನೆಂದರೆ ಗಂಡನಾದವನು ಏನು ಹೇಳಬೇಕೆಂಬುದಕ್ಕೆ ನಮ್ಮಲ್ಲಿ ತಲೆತಲಾಂತರದ ಅನುಭವವಿದೆ. ಆದರೆ ನಲವತ್ತೇಳು ವರ್ಷದ ಹೆಂಡತಿ ಒಂದು ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ನಾನು ಎರಡು ತಿಂಗಳು ಸ್ಪೇನಿಗೆ ಹೋಗ್ತೇನೆ, ಸ್ಪ್ಯಾನಿಷ್ ಕಲೀಲಿಕ್ಕೆ" ಎಂದರೆ ಏನು ಹೇಳಬೇಕೆಂದು ಯಾವ ಹಿರಿಯರೂ ಹೇಳಿಟ್ಟು ಹೋಗಿಲ್ಲ. ಆದ್ದರಿಂದ ಡೊಂಬಿವಲಿಯ ಮಧ್ವರಾಜರು ತಮಗೆ ತೋಚಿದ್ದನ್ನು ಹೇಳಿದರು.

"ಕಾಫಿ ಮಾಡ್ತೀಯಾ?"

ಅವರ ಹೆಂಡತಿಯ ಹೆಸರೇ ಶ್ರೀಮತಿ. ("ಇವಳು ನನ್ನ ಶ್ರೀಮತಿ, ಶ್ರೀಮತಿ" ಎಂದು ಪರಿಚಯಿಸಿ, ಎದುರಿನವರು ನಗುವವರೆಗೂ ಕಾಯುವ ಅಭ್ಯಾಸ ಅವರಿಗೆ ಮದುವೆಯಾದಂದಿನಿಂದ ಇದೆ.) ಆಕೆ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ನೀರೆತ್ತುವ ಪಂಪು ಮಾಡುವ ಕಂಪನಿಯೊಂದರ ಎಕ್ಸ್‌ಪೋರ್ಟ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತವರು. ಪಂಪುಗಳು ಪೆರು, ಚಿಲಿ, ಮೆಕ್ಸಿಕೋ ಎಂದು ದೇಶ ಸುತ್ತುತ್ತಿದ್ದವು. ಅಲ್ಲಿಂದ ಬರುವ ಕಾಗದಗಳೆಲ್ಲ ಸ್ಪ್ಯಾನಿಷ್‌ನಲ್ಲಿ. ಕಂಪನಿಯವರು ಮೂವರು ಹುಡುಗರನ್ನು ಒಬ್ಬರಾದ ಮೇಲೊಬ್ಬರಂತೆ ದಾದರಿನ ಕ್ಲಾಸಿಗೆ ಕಳಿಸಿದರು. ಮೂವರೂ ಕಲಿತರು, ಕಲಿತ ಮರುತಿಂಗಳೇ ಬೇರೆ ಕಂಪನಿಗೆ ಹಾರಿದರು. ಕೊನೆಗೆ ಮಾಲೀಕರು ಹಾರದ ಹಕ್ಕಿಯೊಂದನ್ನು ಹುಡುಕಿದಾಗ ಶ್ರೀಮತಿ ಕಣ್ಣಿಗೆ ಬಿದ್ದರು. ಸ್ಪೇನಿನ ಸಲಮಾಂಕಾ ಎಂಬ ಊರಿನಲ್ಲಿ ಎರಡು ತಿಂಗಳ ತರಬೇತಿ, ಖರ್ಚೆಲ್ಲ ಕಂಪನಿಯದ್ದು, ತಿರುಗಿ ಬಂದರೆ ವಿಭಾಗಕ್ಕೇ ಮುಖ್ಯಸ್ಥೆ. ಷರತ್ತು ಒಂದೇ: ಹಾಸ್ಟೆಲ್ಲಿಲ್ಲ, ಅಲ್ಲಿಯ ಒಂದು ಸಂಸಾರದ ಜೊತೆ ಮನೆಯವಳಂತೆ ಇರಬೇಕು. ಯಾವ ಮನೆಯೂ ಒಪ್ಪದಿದ್ದರೆ ಸೀಟು ಹೋಯಿತು.

'ಬೇಡ' ಎನ್ನುವ ಸ್ವಾತಂತ್ರ್ಯ ಮಧ್ವರಾಜರಿಗೆ ಇರಲಿಲ್ಲ. ಆ ವರ್ಷ, ಎಂದರೆ 2014ರ ಮಾರ್ಚಿನಲ್ಲಿ, ಕನ್ನಡ ಸಂಘದ ಮಹಿಳಾ ದಿನಾಚರಣೆಯಲ್ಲಿ ಅವರು 'ಸ್ತ್ರೀಗೆ ಆಕಾಶವೇ ಎಲ್ಲೆ' ಎಂದು ನಲವತ್ತು ನಿಮಿಷ ಮಾತಾಡಿ ಶಾಲು ಹೊದೆಸಿಕೊಂಡಿದ್ದರು. ಶ್ರೀಮತಿ ಮೊದಲ ಸಾಲಿನಲ್ಲೇ ಕೂತಿದ್ದರು. ಅಷ್ಟು ಅಗಲವಾದ ಆಕಾಶವನ್ನು ಮೂರೇ ತಿಂಗಳಲ್ಲಿ ಮಡಚಿಡುವುದು ಹೇಗೆ? ಆದರೆ ಎರಡು ತಿಂಗಳು ಅಡುಗೆಮನೆ ನಡೆಸುವವರು ಯಾರು ಎಂದು ನೆನೆದರೆ ಅವರಿಗೆ ಆಕಾಶವೇ ತಲೆಯ ಮೇಲೆ ಬಿದ್ದಂತಾಗುತ್ತಿತ್ತು. ಮಹಾಪೆಯ ಆಫೀಸಿನಲ್ಲಿ ಇಪ್ಪತ್ತು ಜನರನ್ನು ಆಳುವ ಈ ಪುರುಷೋತ್ತಮರಿಗೆ ಗ್ಯಾಸು ಹಚ್ಚಲು ಬರುತ್ತಿರಲಿಲ್ಲ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಕೋಲು ಸಲಮಾಂಕಾದ ಶಾಲೆಯಿಂದಲೇ ಬಂತು. 'ನಿಮ್ಮ ಊಟದ ನಿಯಮಗಳೇನಾದರೂ ಇದ್ದರೆ ಬರೆಯಿರಿ' ಎಂದು ಅವರ ಫಾರ್ಮಿನಲ್ಲಿತ್ತು.

"ನೀನು ಪ್ಯಾಕಿಂಗ್ ನೋಡು ಮಾರಾಯ್ತಿ, ಇದನ್ನು ನಾನು ತುಂಬಿಸ್ತೇನೆ" ಎಂದರು ಮಧ್ವರಾಜರು, ಉದಾರವಾಗಿ.

ತುಂಬಿಸಿದರು, ನಾಲ್ಕು ಪುಟ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಮೊಟ್ಟೆಯ ಸೋಂಕೂ ಇಲ್ಲ. ಅಲ್ಲದೆ ಬರುವುದು ಚಾತುರ್ಮಾಸ್ಯ. ಮೊದಲ ತಿಂಗಳು ತರಕಾರಿ ವರ್ಜ್ಯ, ಎರಡನೇ ತಿಂಗಳು ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆ. ಏಕಾದಶಿಗಳಂದು ನಿಟ್ಟುಪವಾಸ (ಪಂಚಾಂಗ ನೋಡಿ ತಾರೀಕುಗಳ ಪಟ್ಟಿಯನ್ನೂ ಲಗತ್ತಿಸಿದರು). ಕೊನೆಯಲ್ಲಿ, ಬರವಣಿಗೆಯ ಅಮಲಿನಲ್ಲಿ, 'ಈ ಎಲ್ಲ ವ್ರತಗಳನ್ನು ನಾನು ಮೂವತ್ತು ವರ್ಷಗಳಿಂದ ತಪ್ಪದೆ ಪಾಲಿಸುತ್ತಿದ್ದೇನೆ. ನಮ್ಮ ಮನೆ ನನ್ನನ್ನು ಅನುಸರಿಸುತ್ತದೆ' ಎಂದು ಸಹಿ ಹಾಕಿದರು.

ನಿಜವೇನೆಂದರೆ, ಆ ಮನೆಯಲ್ಲಿ ಚಾತುರ್ಮಾಸ್ಯ ಅವರ ತಾಯಿಯೊಂದಿಗೇ ತೀರಿಹೋಗಿತ್ತು. ಮಹಾಪೆಯಲ್ಲಿ ಆಫೀಸಿನೆದುರು ಗಾಡಿ ಇಟ್ಟ ಕಲಬುರ್ಗಿಯ ಮಾನಪ್ಪನನ್ನು ಕೇಳಿದರೆ, ಈ ಮಹಾತ್ಮರು ನಾಲ್ಕು ಗಂಟೆಗೆ ತಿನ್ನುವ ಕಾಂದಾ ಭಜಿಯ, ಅಂದರೆ ಈರುಳ್ಳಿ ಬಜ್ಜಿಯ, ಲೆಕ್ಕವನ್ನು ಅವನು ಕಣ್ಣು ಮುಚ್ಚಿ ಹೇಳುತ್ತಿದ್ದ.

ಫಾರ್ಮು ಫಲ ಕೊಟ್ಟಿತು. ಐದು ಮನೆಯವರು ಒಬ್ಬರ ಹಿಂದೊಬ್ಬರು ಆಗದೆಂದು ಕೈಮುಗಿದರು. ಪ್ರತಿ ಸಲವೂ ಮಧ್ವರಾಜರು "ಛೆ, ಛೆ, ಎಂತಹ ಜನ!" ಎಂದು ಸ್ಪೇನನ್ನು ಬೈದರು. ಐದನೆಯ ಉತ್ತರ ಬಂದ ದಿನ ಶ್ರೀಮತಿ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಸ್ಪ್ಯಾನಿಷ್ ಪದಗಳನ್ನು ಬರೆದುಕೊಳ್ಳುತ್ತಿದ್ದ ಪುಟ್ಟ ನೋಟ್‌ಬುಕ್ಕನ್ನು ಕಪಾಟಿನಲ್ಲಿ ಸೀರೆಗಳ ಅಡಿಗೆ ಇಟ್ಟರು. ಅದನ್ನು ಕಂಡ ಮಧ್ವರಾಜರಿಗೆ ಆ ದಿನ ಊಟ ರುಚಿಸಲಿಲ್ಲ.

ಮರುದಿನ ಆರನೆಯ ಉತ್ತರ ಬಂತು. ಅಂಪಾರೋ ಎಂಬ ಅರವತ್ತೇಳರ ವಿಧವೆಯದ್ದು. ಶಾಲೆಯವರು ಇಂಗ್ಲಿಷಿಗೆ ತಿರುಗಿಸಿ ಕಳಿಸಿದ್ದನ್ನು ಮಗಳು ಅಪೇಕ್ಷಾ ಗಟ್ಟಿಯಾಗಿ ಓದಿದಳು. ತನ್ನ ತಾಯಿಯೂ ಈಸ್ಟರಿಗೆ ಮುಂಚಿನ ನಲವತ್ತು ದಿನ ಹೀಗೆಯೇ ಬಾಯಿ ಕಟ್ಟುತ್ತಿದ್ದಳೆಂದೂ, ಈ ಕಾಲದಲ್ಲಿ ಮೂವತ್ತು ವರ್ಷ ವ್ರತ ಹಿಡಿದ ಗಂಡಸು ಇರುವನೆಂದು ಓದಿ ಕಣ್ಣಲ್ಲಿ ನೀರು ಬಂತೆಂದೂ ಆಕೆ ಬರೆದಿದ್ದಳು. ಶ್ರೀಮತಿಗೆ ಸ್ವಾಗತ. ಆದರೆ ಈ ಅಡುಗೆ ತನಗೆ ಹೊಸತು. ಸೆನ್ಯೋರ್ ಮಧ್ವರಾಜರು ದಿನಾ ತಮ್ಮ ಊಟದ ತಟ್ಟೆಯ ಫೋಟೋ ಕಳಿಸಿದರೆ ಅದನ್ನೇ ನೋಡಿ ಮಾಡುತ್ತೇನೆ.

"ಪಪ್ಪಾ, ಆಪ್ ತೋ ಸಂತ್ ನಿಕಲೇ!" ಎಂದಳು ಅಪೇಕ್ಷಾ. ಕನ್ನಡ ಅರ್ಥವಾಗುವ, ಉತ್ತರ ಮಾತ್ರ ಹಿಂದಿಯಲ್ಲಿ ಬರುವ ಹುಡುಗಿ ಅವಳು.

ಶ್ರೀಮತಿ ಆ ನಾಲ್ಕು ಪುಟಗಳನ್ನು ಅಂದೇ ಮೊದಲ ಸಲ ಓದಿದ್ದು. ಓದಿ, ಕನ್ನಡಕ ತೆಗೆದು, ಗಂಡನನ್ನು ನೋಡಿದರು.

"ಬರೆದದ್ದು ನೀವೇ ಅಲ್ವಾ?"

"ಅದು... ನಿನ್ನ ಆರೋಗ್ಯಕ್ಕೆ ಅಂತ..."

"ಇನ್ನು ಪಾಲಿಸುವವರೂ ನೀವೇ. ತಟ್ಟೆಯಲ್ಲಿ ಒಂದು ಚೂರು ಈರುಳ್ಳಿ ಕಂಡಿತೋ, ಸುಳ್ಳುಗಾರನ ಹೆಂಡತಿ ಅಂತ ಅವಳು ನನ್ನ ಪೆಟ್ಟಿಗೆ ಬೀದಿಗೆ ಹಾಕ್ತಾಳೆ. ಗೊತ್ತಾಯ್ತಾ?"

ಸೀರೆಗಳ ಅಡಿಯಿಂದ ನೋಟ್‌ಬುಕ್ಕು ಹೊರಗೆ ಬಂತು. ಅದನ್ನು ಕಂಡು, ಹಳ್ಳ ತೋಡಿ ತಾವೇ ಬಿದ್ದಿದ್ದರೂ, ಮಧ್ವರಾಜರಿಗೆ ಒಳಗೊಳಗೇ ಸಮಾಧಾನವಾಯಿತು. ಅದನ್ನವರು ಯಾರಿಗೂ ಹೇಳಲಿಲ್ಲ.

ಶ್ರೀಮತಿ ಹೊರಟ ಮರುದಿನ ಗ್ಯಾಸು ಹಚ್ಚಲು ಹನ್ನೊಂದು ಕಡ್ಡಿ ಬೇಕಾಯಿತು. ಹೆಸರುಬೇಳೆ ತೊವ್ವೆಯನ್ನು ಕುಕ್ಕರು ಸೀಲಿಂಗಿಗೆ ಬಡಿಸಿತು. ಮೊದಲ ವಾರದ ಫೋಟೋಗಳಲ್ಲಿ ತಟ್ಟೆಯಲ್ಲಿದ್ದದ್ದು ಅನ್ನ, ಹಾಲು ಮತ್ತು ಅನ್ನ. ಅಪೇಕ್ಷಾ ಮೊಬೈಲು ಹಿಡಿದು, "ಪಪ್ಪಾ, ಪ್ಲೇಟ್ ಥೋಡಾ ಇಧರ್ ಘುಮಾವೋ, ಜಲಾ ಹುವಾ ದಿಖ್ ರಹಾ ಹೈ" ಎಂದು ಕಲಾತ್ಮಕವಾಗಿ ಸುಟ್ಟ ಭಾಗ ಮರೆಸುತ್ತಿದ್ದಳು. ತಾನು ಮಾತ್ರ ಕಾಲೇಜಿನ ಕ್ಯಾಂಟೀನಿನಲ್ಲಿ ಸುಖವಾಗಿ ಉಣ್ಣುತ್ತಿದ್ದಳು.

ಸಲಮಾಂಕಾದಿಂದ ಅಂಪಾರೋಳ ಮಾತುಗಳು ಶ್ರೀಮತಿಯ ಮೊಬೈಲಿನ ಮೂಲಕ ಕನ್ನಡವಾಗಿ ಬರುತ್ತಿದ್ದವು: 'ಅಂಪಾರೋ ಕೇಳ್ತಾಳೆ, ನಿನ್ನೆಯದೂ ಇವತ್ತಿನದೂ ಒಂದೇ ತರ ಉಂಟಲ್ಲ?' 'ಅಂಪಾರೋ ಹೇಳ್ತಾಳೆ, ಕಾಳುಮೆಣಸು ಜೀರಿಗೆ ಸ್ವಲ್ಪ ಜಾಸ್ತಿ ಹಾಕ್ಬಹುದು.'

ಎರಡನೇ ವಾರ ಮಧ್ವರಾಜರ ಬುದ್ಧಿ ಕೆಲಸ ಮಾಡಿತು. ಭಾನುವಾರ ಕೂತು, ಅಂಗಿ ಬದಲಿಸಿದ ಹಾಗೆ ತಟ್ಟೆ ಬದಲಿಸಿ, ದಿನಕ್ಕೊಂದು ಕಳಿಸಲೆಂದು ಆರು ದಿನದ ಫೋಟೋ ಒಮ್ಮೆಗೇ ತೆಗೆಸಿದರು. ಸೋಮವಾರ ನಿಶ್ಚಿಂತೆಯಿಂದ ಮಾನಪ್ಪನ ಗಾಡಿಯ ಮುಂದೆ ನಿಂತರು.

"ಯಾಕ್ರೀ ಸಾಹೇಬ್ರ, ಎರಡ ವಾರ ಕಾಣವಲ್ರಿ? ಮೈಯಾಗ ಆರಾಮ ಇಲ್ಲೇನ್ರಿ?" ಎಂದ ಮಾನಪ್ಪ.

"ಎರಡು ಪ್ಲೇಟು ಹಾಕು ಮಾರಾಯ, ಮಾತಾಡ್ಬೇಡ."

ಮಂಗಳವಾರ ಎರಡನೆಯ ಪ್ಲೇಟು ಮುಗಿಯುವಷ್ಟರಲ್ಲಿ ಮೊಬೈಲು ಗುಂಯ್‌ಗುಟ್ಟಿತು. 'ಅಂಪಾರೋಗೆ ತುಂಬ ಗಾಬರಿಯಾಗಿದೆ. ಇವತ್ತು ಏಕಾದಶಿ ಅಂತ ನಿಮ್ಮ ಪಟ್ಟಿಯಲ್ಲೇ ಉಂಟು. ನಾವಿಬ್ಬರೂ ಬರೀ ನೀರು ಕುಡಿದು ಕೂತಿದ್ದೇವೆ. ನಿಮ್ಮ ತಟ್ಟೆಯಲ್ಲಿ ಅನ್ನ ಹೇಗೆ ಬಂತು?'

ಮಧ್ವರಾಜರು ಉಳಿದ ಭಜಿಯನ್ನು ಗಾಡಿಯ ಮೇಲೆ ಇಟ್ಟುಬಿಟ್ಟರು. ಬೀದಿಯಲ್ಲಿ ಬಿದ್ದ ಪೆಟ್ಟಿಗೆ, ಅದರ ಪಕ್ಕದಲ್ಲಿ ನೋಟ್‌ಬುಕ್ಕು ಹಿಡಿದು ನಿಂತ ಶ್ರೀಮತಿ ಕಣ್ಣಿಗೆ ಕಟ್ಟಿದರು. ಹತ್ತೊಂಬತ್ತು ವರ್ಷ ಕಾದು ಸಿಕ್ಕಿದ್ದು, ನನ್ನ ಒಂದು ತುತ್ತಿಗಾಗಿ ಹೋಗಬೇಕೇ? 'ಅದು ಮಗಳ ತಟ್ಟೆ, ತಪ್ಪಿ ಬಂತು, ನಾನು ಉಪವಾಸ' ಎಂದು ತರಾತುರಿಯಲ್ಲಿ ಒತ್ತಿದರು. ಮಾನಪ್ಪನಿಗೆ ಕೈಮುಗಿದು, "ಇನ್ನು ಒಂದೂವರೆ ತಿಂಗಳು ನನ್ನನ್ನು ಕರೀಬೇಡ" ಎಂದರು.

ಅಂದಿನಿಂದ ಅವರು ನಿಜವಾಗಿಯೇ ವ್ರತಸ್ಥರಾದರು. ತೊವ್ವೆ ಹದಕ್ಕೆ ಬಂತು. ಒಣಮಾವಿನ ಪುಡಿ ಹಾಕಿ ಸಾರು ಮಾಡಲು ಕಲಿತರು. ಎರಡನೇ ತಿಂಗಳು ಮೊಸರು ಹೋಗಿ ತರಕಾರಿ ಬಂದಾಗ, ಬೆಂಡೆಕಾಯಿ ಪಲ್ಯ ಮಾಡಿದ ದಿನ ಅಪೇಕ್ಷಾ ಫೋಟೋ ತೆಗೆದವಳು ಕ್ಯಾಂಟೀನು ಮರೆತು ಅಲ್ಲೇ ಉಂಡಳು. "ಮಮ್ಮೀ ಸೇ ಅಚ್ಛಾ ಹೈ" ಎಂದಳು. ಅಮ್ಮನದಕ್ಕಿಂತ ಚೆನ್ನ ಎಂಬ ಆ ಮಾತೇ ಮಧ್ವರಾಜರಿಗೆ ಸಂಘದ ಶಾಲಿಗಿಂತ ಹೆಚ್ಚೆನಿಸಿತು.

ಸೆಪ್ಟೆಂಬರಿನಲ್ಲಿ ಶ್ರೀಮತಿ ಬಂದಿಳಿದರು. ಗಂಡ ಬಡಿಸಿದರು, ಹೆಂಡತಿ ಉಂಡರು. ಊಟದ ನಡುವೆ ಪೆರುವಿನಿಂದ ಕರೆ ಬಂತು. ಶ್ರೀಮತಿ ಎಡಗೈಯಲ್ಲಿ ಮೊಬೈಲು ಹಿಡಿದು, ಪಟಪಟನೆ ಸ್ಪ್ಯಾನಿಷ್ ಮಾತಾಡಿ, ನಕ್ಕು, ಆ ಕಡೆಯವರನ್ನೂ ನಗಿಸಿ ಇಟ್ಟರು. ಒಂದಕ್ಷರವೂ ಅರ್ಥವಾಗದ ಮಧ್ವರಾಜರ ಕಣ್ಣು ಹೆಮ್ಮೆಯಿಂದ ಒದ್ದೆಯಾಯಿತು. ಸೌಟು ಹಿಡಿದೇ ನಿಂತಿದ್ದರು.

"ನನ್ನ ವ್ರತ ಸಾರ್ಥಕ" ಎಂದರು. "ಅಂಪಾರೋಗೆ ಕೊನೆಯವರೆಗೂ ಸಂಶಯ ಬರ್ಲಿಲ್ಲ ಅಲ್ವಾ?"

"ಬರ್ಲಿಕ್ಕೆ ಎಂತ? ನಾನು ಮೂರನೇ ದಿನವೇ ಹೇಳಿದೆ. ಪದ ಹುಡುಕಲಿಕ್ಕೆ ಎರಡು ದಿನ ಹಿಡೀತು."

"ಏನು ಹೇಳಿದೆ?"

"ಆ ನಾಲ್ಕು ಪುಟ ಪೂರಾ ಬುರುಡೆ ಅಂತ. ಅವಳು ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ಆಮೇಲೆ ಹೇಳಿದ್ಳು, ಗಂಡಸೊಬ್ಬ ತಾನಾಗಿ ಅಡುಗೆ ಕಲೀತಿದ್ರೆ ನಡುವೆ ಬಾಯಿ ಹಾಕ್ಬಾರ್ದು ಅಂತ."

"ಮತ್ತೆ ನೀವಿಬ್ಬರು ತಿಂದದ್ದು?"

"ಬದನೆ, ಟೊಮೆಟೊ, ಆಲೂಗಡ್ಡೆ. ಈರುಳ್ಳಿ ಹಾಕಿ."

"ಏಕಾದಶಿ?"

"ಆ ದಿನ ತಟ್ಟೆಯಲ್ಲಿ ಅನ್ನ ಕಂಡುಹಿಡಿದದ್ದು ನಾನೇ. ಆ ಗಾಬರಿಯ ಮೆಸೇಜನ್ನು ಚಪ್ಪರಿಸಿ ತಿಂತಾ ಬರೆದೆ."

ಮಧ್ವರಾಜರು ಇಂಗು ತಿಂದ ಮಂಗನಂತೆ ಕೂತರು. ಶ್ರೀಮತಿ ಚೀಲದಿಂದ ಸರ್ಟಿಫಿಕೇಟು ತೆಗೆದರು. ಕ್ಲಾಸಿಗೇ ಮೊದಲು. ದಿನಾ ಒಂದು ಚಿತ್ರ ತೋರಿಸಿ ಐದು ನಿಮಿಷ ಮಾತಾಡಬೇಕಿತ್ತಂತೆ. ಉಳಿದವರು ಇಗರ್ಜಿ, ಸೇತುವೆ ತೋರಿಸಿದರೆ ಈಕೆ ತೋರಿಸಿದ್ದು ಗಂಡನ ತಟ್ಟೆ. ಸುಟ್ಟ ಅನ್ನದಿಂದ ಬೆಂಡೆಕಾಯಿಯವರೆಗೆ ಹನ್ನೆರಡು ದೇಶದವರು ಕಾದು ನೋಡಿದರಂತೆ. ಪಲ್ಯದ ದಿನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ.

ಸಿಟ್ಟಾಗಬೇಕೆಂದು ಮಧ್ವರಾಜರು ಬಹಳ ಪ್ರಯತ್ನಿಸಿದರು. ಆದರೆ ಆ ಚಪ್ಪಾಳೆ ಅಡ್ಡ ಬಂತು.

"ಅಂದ ಹಾಗೆ, ಅಂಪಾರೋ ಡಿಸೆಂಬರಿನಲ್ಲಿ ಬರ್ತಾಳೆ. ನಮ್ಮಲ್ಲೇ ಒಂದು ತಿಂಗಳು ಇರ್ತಾಳೆ" ಎಂದರು ಶ್ರೀಮತಿ.

ಮಧ್ವರಾಜರು ಎದ್ದು ಕೂತರು. ಸೇಡಿಗೆ ಇದೇ ಸಮಯ. "ಬರ್ಲಿ, ಬರ್ಲಿ. ಅವಳದ್ದೇನಾದ್ರೂ ಊಟದ ನಿಯಮ ಉಂಟೋ ಕೇಳಿದ್ಯಾ? ನಮಗೂ ಫಾರ್ಮು ಬೇಕು."

"ಬರೆದು ಕೊಟ್ಟಿದ್ದಾಳೆ" ಎಂದು ಶ್ರೀಮತಿ ಒಂದು ಕಾಗದ ಚಾಚಿದರು. ನಾಲ್ಕು ಪುಟವಲ್ಲ, ಒಂದೇ ಸಾಲು. ಸ್ಪ್ಯಾನಿಷ್ ಬಾರದಿದ್ದರೂ ಅದರಲ್ಲೊಂದು ಪದ ಮಧ್ವರಾಜರಿಗೆ ಓದಲು ಬಂತು. ಅದು ಅವರದೇ ಹೆಸರು.

"ಅವಳಿರುವಷ್ಟು ದಿನ ಅಡುಗೆ ನಿಮ್ಮದೇ ಅಂತೆ."

ಮಧ್ವರಾಜರು ಆ ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು. ಆಮೇಲೆ, ಬಹಳ ಸಣ್ಣ ದನಿಯಲ್ಲಿ, "ಈರುಳ್ಳಿ ಹಾಕ್ಬಹುದಂತಾ?" ಎಂದರು.

"ಧಾರಾಳವಾಗಿ. ಹೆಚ್ಚುವುದೂ ನೀವೇ."