ತುಕ್ಕು ಹಿಡಿಯದ ಕೋಣೆಯ ಕುರಿತು

ಹಳೇ ಬಂದೂಕು ಪ್ರಿಯರ ಬಳಗದ ಮಾನ್ಯ ಅಧ್ಯಕ್ಷರೇ,

ತಮಗೂ, ತಮ್ಮ ಎಡಭುಜದ ಹಳೆಯ ನೋವಿಗೂ, ತಮ್ಮ ಗಾಜಿನ ಕಪಾಟಿನಲ್ಲಿ ಒರಗಿ ನಿಂತಿರುವ ಅಷ್ಟೂ ಜೋಡಿನಳಿಗೆಗಳಿಗೂ ನನ್ನ ವಿನಮ್ರ ವಂದನೆಗಳು. ನಾನು ಯಾರೆಂದು ತಮಗೆ ತಕ್ಷಣ ಹೊಳೆಯಲಿಕ್ಕಿಲ್ಲ. ಪ್ರತಿ ಭಾನುವಾರ ತಾವು ಸಭೆ ಸೇರುವ ಮನೆಯ ಒಡತಿ ನಾನು, ತಮ್ಮ ಖಜಾಂಚಿಯವರ ಹೆಂಡತಿ, ಚಹಾದ ತಟ್ಟೆಯ ಹಿಂದೆ ಬಂದು ಅದರ ಹಿಂದೆಯೇ ಹೋಗುವ ವ್ಯಕ್ತಿ. ವೃತ್ತಿಯಿಂದ ದರ್ಜಿ. ಬಳಗದ ಬಂದೂಕುಗಳಿಗೆ ಫ್ಲಾನೆಲ್ ಗವಸು ಹೊಲಿದುಕೊಟ್ಟವಳೂ ನಾನೇ ಆದ್ದರಿಂದ ತಮ್ಮ ಸದಸ್ಯರ ಅಂಗಿಯ ಅಳತೆ ಗೊತ್ತಿಲ್ಲದಿದ್ದರೂ ಅವರ ಬಂದೂಕುಗಳ ಉದ್ದಗಲ ನನಗೆ ಬಾಯಿಪಾಠ.

ಮೊದಲಿಗೆ ತಮ್ಮ ಬಳಗವನ್ನು ಹೊಗಳಲು ಅಪ್ಪಣೆಯಾಗಲಿ. ಇಷ್ಟು ವರ್ಷಗಳಲ್ಲಿ ತಮ್ಮಲ್ಲಿ ಒಬ್ಬರೂ ಒಂದು ಗುಂಡು ಹಾರಿಸಿದ್ದನ್ನು ನಾನು ಕಂಡಿಲ್ಲ. ಪರವಾನಗಿಯ ಕಾಗದವನ್ನು ಮದುವೆಯ ಫೋಟೋಗಿಂತ ಜೋಪಾನವಾಗಿಟ್ಟುಕೊಳ್ಳುವ, ಇಷ್ಟೊಂದು ನಿರುಪದ್ರವಿ ಶಸ್ತ್ರಧಾರಿಗಳು ಬೇರೆಲ್ಲೂ ಸಿಗಲಾರರು. ಒಬ್ಬರ ಬಂದೂಕನ್ನು ಇನ್ನೊಬ್ಬರು ಮುಟ್ಟುವ ಮುನ್ನ ‘ನೋಡಬಹುದಾ’ ಎಂದು ಕೇಳುವುದು, ಬೆವರು ತಾಗದಂತೆ ಬಿಳಿ ಕೈಗವಸು ಹಾಕಿಕೊಳ್ಳುವುದು, ಒಳಗೆ ಗುಂಡಿಲ್ಲವೆಂದು ಕೊಟ್ಟವರೂ ತೆಗೆದುಕೊಂಡವರೂ ತೆರೆದು ನೋಡುವುದು, ಇವೆಲ್ಲ ಕಣ್ಣಿಗೆ ಹಬ್ಬ. ಇದೇ ಮನೆಯಲ್ಲಿ ನನ್ನ ಕತ್ತರಿಯನ್ನು ಒಂದು ಮಾತು ಕೇಳದೆ ಎತ್ತಿಕೊಂಡು ಹೋಗುತ್ತಾರೆ. ಬಳಗದ ಸದಸ್ಯರಾದ ದಂತವೈದ್ಯರು ತಮ್ಮ ಪುಟ್ಟ ಕನ್ನಡಿಯನ್ನು ನಳಿಗೆಯೊಳಗೆ ಹಿಡಿದು, ಪಾಪ, ಇದನ್ನು ಯಾರೋ ಸರಿಯಾಗಿ ನೋಡಿಕೊಂಡಿಲ್ಲವೆಂದು ಮರುಗುವಾಗ ನನ್ನ ಕರುಳೂ ಚುರುಕ್ಕೆನ್ನುತ್ತದೆ. ಇನ್ನೊಬ್ಬ ಸದಸ್ಯರಾದ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಇರುವುದು ಗುಂಡು ಸಿಡಿಸುವ ಕುದುರೆ ಮುರಿದ ಒಂದೇ ಒಂದು ಕೋವಿ. ಅದರ ಕಥೆಯನ್ನು ಅವರು ಪ್ರತಿ ವಾರ ಹೇಳುತ್ತಾರೆ, ತಾವೆಲ್ಲ ಪ್ರತಿ ವಾರ ಹೊಸದಾಗಿ ಬೆರಗಾಗುತ್ತೀರಿ. ಇದನ್ನು ನಾನು ವ್ಯಂಗ್ಯಕ್ಕೆ ಹೇಳುತ್ತಿಲ್ಲ, ಅದು ದೊಡ್ಡ ಗುಣ.

ಇನ್ನು ಅಹವಾಲು. ನಮ್ಮ ಮನೆ ಬೀದಿಯ ತಗ್ಗಿನ ತುದಿಯಲ್ಲಿದೆ ಎಂಬುದು, ಕೆಸರಿನ ಬೂಟನ್ನು ನನ್ನ ಕಾಲೊರಸಿಗೆ ಒಪ್ಪಿಸಿ ಒಳಗೆ ಬರುವ ತಮಗೆ ತಿಳಿದೇ ಇದೆ. ಗೋಡೆಗಳು ವರ್ಷವಿಡೀ ಬೆವರುತ್ತವೆ. ಇಡೀ ಮನೆಯಲ್ಲಿ ಒಣಗಿದ ಜಾಗವೆಂದರೆ ಬಂದೂಕುಗಳನ್ನು ಇಟ್ಟಿರುವ ಮುಂದಿನ ಕೋಣೆಯೊಂದೇ. ಏಕೆಂದರೆ ಗಾಳಿಯ ತೇವವನ್ನು ಹಗಲೂ ರಾತ್ರಿ ಹೀರುವ ಯಂತ್ರವೊಂದನ್ನು ನಮ್ಮ ಯಜಮಾನರು ಅಲ್ಲಿ ಪ್ರತಿಷ್ಠಾಪಿಸಿದ್ದಾರೆ, ಅದರ ಹೊಟ್ಟೆಯ ನೀರನ್ನು ದಿನಾ ಬೆಳಗ್ಗೆ ಚೆಲ್ಲುವ ಸೇವೆ ನನ್ನದು. ಹಿಂದಿನ ಕೋಣೆಯಲ್ಲಿ ನನ್ನ ಅತ್ತೆ ಮಲಗುತ್ತಿದ್ದರು. ಅಲ್ಲಿ ಗೋಡೆಯ ಸುಣ್ಣ ಹಪ್ಪಳದಂತೆ ಎದ್ದಿದೆ, ಕಂಬಳಿಯ ಅಂಚಿಗೆ ಬೂಷ್ಟು ಹಿಡಿದಿದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಸಂಪರ್ಕ ಕೊಡುತ್ತಿದ್ದ ಅವರ ದನಿ ಕೆಮ್ಮಿನ ಸಂದಿಯಲ್ಲಿ ಸಿಕ್ಕಿಕೊಂಡು, ಒಂದು ಲೋಟ ನೀರು ಕೇಳುವುದಕ್ಕೂ ಕೈಸನ್ನೆ ಬೇಕಾಗಿತ್ತು.

ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, “ಮಾತ್ರೆ ಎಷ್ಟು ಕೊಟ್ರೂ ಅಷ್ಟೇ, ಒಣಗಿದ ಕೋಣೇಲಿ ಮಲಗಿಸಿ. ಈ ಎದೆ ಇನ್ನೊಂದು ಮಳೆಗಾಲ ತಡೆಯಲ್ಲ” ಎಂದರು. ಅದನ್ನು ನಾನು ಯಜಮಾನರಿಗೆ ಚಾಚೂ ತಪ್ಪದೆ ತಿಳಿಸಿದೆ. ಸಾಸಿವೆ ಕಾಳಿನಷ್ಟು ತುಕ್ಕು ಕಂಡರೆ ಊಟ ಬಿಡುವ ಅವರು ಬಹಳ ಯೋಚಿಸಿ, ಬಹಳ ನೊಂದು ಹೇಳಿದರು: “ಅಮ್ಮ ಹೇಗೋ ಸುಧಾರಿಸ್ಕೋತಾರೆ. ಕಬ್ಬಿಣ ಸುಧಾರಿಸ್ಕೊಳ್ಳಲ್ಲ.” ಅವರು ಕೆಟ್ಟವರಲ್ಲ, ಮಾನ್ಯರೇ. ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಬಂದೂಕಿನ ಎಣ್ಣೆ ತರಲು ಪೇಟೆಗೆ ಹೋದಾಗಲೆಲ್ಲ ತಾಯಿಗೆ ಕೆಮ್ಮಿನ ಔಷಧಿಯನ್ನೂ ಮರೆಯದೆ ತರುತ್ತಾರೆ, ಎರಡೂ ಸೀಸೆ ಒಂದೇ ಚೀಲದಲ್ಲಿ ಬರುತ್ತವೆ. ಆ ಚೀಲವನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ನನ್ನ ಅತ್ತೆಯನ್ನು ದಯವಿಟ್ಟು ಬಂದೂಕು ಎಂದು ಘೋಷಿಸಬೇಕು. ಅರ್ಹತೆಗೆ ಕೊರತೆಯಿಲ್ಲ. ತಯಾರಾದ ಕಾಲ ಸಾಕಷ್ಟು ಹಳೆಯದು. ಎರಡು ಹಲ್ಲುಗಳನ್ನು ಬಿಟ್ಟರೆ ಬಿಡಿಭಾಗಗಳೆಲ್ಲ ಮೂಲದವೇ, ಬೇಕಾದರೆ ದಂತವೈದ್ಯರು ಪರೀಕ್ಷಿಸಿಕೊಳ್ಳಲಿ. ಕೀಲುಗಳು ಕಿರುಗುಟ್ಟುತ್ತವೆ, ಎಣ್ಣೆ ಹಚ್ಚಿದರೆ ಸರಿಹೋಗುತ್ತವೆ. ಸಿಡಿಯುವ ಶಕ್ತಿ ಇನ್ನೂ ಉಳಿದಿದೆ ಎಂಬುದಕ್ಕೆ ನಾನೇ ಸಾಕ್ಷಿ. ಒಮ್ಮೆ ಘೋಷಣೆಯಾಯಿತೆಂದರೆ ಅವರಿಗೆ ಒಣಗಿದ ಕೋಣೆ ತಾನಾಗಿ ಸಿಗುತ್ತದೆ, ವಾರಕ್ಕೊಮ್ಮೆ ನಾಲ್ಕು ಜನ ಸುತ್ತ ಕೂತು ಅವರ ಕಥೆಯನ್ನು ಬೆರಗಿನಿಂದ ಕೇಳುತ್ತಾರೆ, ಮುಟ್ಟುವ ಮುನ್ನ ಕೈ ಒರೆಸಿಕೊಳ್ಳುತ್ತಾರೆ. ಫ್ಲಾನೆಲ್ ಗವಸನ್ನು ನಾನೇ ಹೊಲಿದುಕೊಡುತ್ತೇನೆ.

ಈ ಮನವಿಯನ್ನು ಕ್ರಮಪ್ರಕಾರ ಸಲ್ಲಿಸಿ ಉತ್ತರಕ್ಕೆ ಕಾಯಬೇಕಾಗಿತ್ತು ನಿಜ. ಆದರೆ ಕಳೆದ ಭಾನುವಾರ ಬೆಳಗ್ಗೆಯಿಂದ ಅತ್ತೆಗೆ ಉಸಿರು ಸಿಗುತ್ತಿರಲಿಲ್ಲ, ನನಗೆ ತಾಳ್ಮೆ ಸಿಗುತ್ತಿರಲಿಲ್ಲ. ತಾವೆಲ್ಲರೂ ಕಿಟಕಿಯ ಬೆಳಕಿಗೆ ಒಂದು ನಳಿಗೆಯನ್ನು ಹಿಡಿದು ಇಣುಕುತ್ತಿದ್ದಾಗ ನಾನು ಅವರನ್ನು ಕೈಹಿಡಿದು ಕರೆತಂದು, ಯಂತ್ರದ ಪಕ್ಕದ, ತಾವು ಅಲಂಕರಿಸುವ ಬೆತ್ತದ ಕುರ್ಚಿಯಲ್ಲಿ ಕೂರಿಸಿದೆ. ಕೂತವರು ಕಂಬಳಿ ಹೊದ್ದು ಹಾಗೆಯೇ ನಿದ್ದೆಹೋದರು. ತಾವು ತಿರುಗಿ ನೋಡಿ, ತಮ್ಮ ಎಂದಿನ ಸೌಜನ್ಯದಿಂದ, “ಇವರು ಯಾರು?” ಎಂದು ಕೇಳಿದಿರಿ. “ನಮ್ಮಮ್ಮ” ಎನ್ನಲು ನಮ್ಮ ಯಜಮಾನರಿಗೆ ಒಂದು ಬಂದೂಕನ್ನು ಬಿಚ್ಚಿ ಜೋಡಿಸುವಷ್ಟು ಹೊತ್ತು ಬೇಕಾಯಿತು. ಇಷ್ಟು ದಿನ ಗೋಡೆಯಾಚೆ ಕೇಳುತ್ತಿದ್ದ ಕೆಮ್ಮು ಪಕ್ಕದ ಮನೆಯದೆಂದುಕೊಂಡಿದ್ದೆ ಎಂದು ದಂತವೈದ್ಯರು ಹೇಳಿದರು. ಸ್ಪ್ರಿಂಗಿನ ಸದ್ದು ಕೂದಲೆಳೆಯಷ್ಟು ವ್ಯತ್ಯಾಸವಾದರೂ ಹಿಡಿಯುವ ಕಿವಿ ಅವರದು.

ಆಮೇಲೆ ನಡೆದದ್ದನ್ನು ತಾವೂ ಕಂಡಿರಿ. ಯಜಮಾನರು ತಾಯಿಯ ಮುಂದೆ ಮಂಡಿಯೂರಿ, ಕಂಬಳಿಯ ಅಂಚಿನ ಬೂಷ್ಟನ್ನು ಬಹಳ ಹೊತ್ತು ನೋಡಿ, ಕೈಲಿದ್ದ ಮೆತ್ತನೆಯ ಬಟ್ಟೆಯಿಂದ ಅದನ್ನು ಒರೆಸತೊಡಗಿದರು. ಒರೆಸಿದರೆ ಹೋಗುವ ಬೂಷ್ಟಲ್ಲ ಅದು. ಕೊನೆಗೆ ಕೈಗವಸು ಕಳಚಿ, ತಾಯಿಯ ಪಾದವನ್ನು ಬರಿಗೈಯಲ್ಲಿ ಹಿಡಿದುಕೊಂಡು ಕೂತುಬಿಟ್ಟರು. ಬೈಯಬೇಕೆಂದು ನಾನು ವರ್ಷದಿಂದ ಕೂಡಿಟ್ಟಿದ್ದ ಮಾತುಗಳೆಲ್ಲ ಆಗ ಕೈಕೊಟ್ಟವು, ಅಳು ಬಂತು. ಸಂಜೆಯೊಳಗೆ ಅವರೂ ಡ್ರಾಯಿಂಗ್ ಮೇಷ್ಟ್ರೂ ಸೇರಿ ಮಂಚವನ್ನು ಮುಂದಿನ ಕೋಣೆಗೆ ಸಾಗಿಸಿದರು.

ಬಂದೂಕುಗಳು ಗೋಡೆಯ ಮೇಲೆ ಮೊದಲಿನಂತೆಯೇ ಇವೆ, ಬೀಗದೊಳಗೆ. ಅವುಗಳ ಬಗ್ಗೆ ಅತ್ತೆಗೆ ತಕರಾರಿಲ್ಲ, ಕಾಲವಾದ ಮಾವನವರಿಗಿಂತ ಕಡಿಮೆ ಗೊರಕೆ ಹೊಡೆಯುತ್ತವೆ ಎಂದಿದ್ದಾರೆ. ಕೆಮ್ಮು ಇಳಿದಿದೆ, ಹೇಳಿಕೊಳ್ಳುವಷ್ಟು ದನಿ ಮರಳಿದೆ. ತಮ್ಮ ಸಭೆಗಳನ್ನು ಮಾತ್ರ ಬೇರೆಡೆ ನಡೆಸಿಕೊಳ್ಳಬೇಕಾಗಿ, ಬಿಸ್ಕತ್ತಿನ ಖರ್ಚನ್ನೂ ಅಲ್ಲಿಯೇ ಭರಿಸಿಕೊಳ್ಳಬೇಕಾಗಿ ಕೋರಿಕೆ.

ಗವಸಿನ ಅಳತೆಯಲ್ಲಿ ಎಂದೂ ತಪ್ಪದ,
ತಮ್ಮ ವಿಶ್ವಾಸಿ,
ಖಜಾಂಚಿಯವರ ಹೆಂಡತಿ

ಮರೆತಿದ್ದ ಮಾತು: ಹೊರಡುವಾಗ ಮೆಟ್ಟಿಲ ಬಳಿ ತಾವು ನಮ್ಮ ಯಜಮಾನರ ಕಿವಿಯಲ್ಲಿ, ಈ ವ್ಯವಸ್ಥೆ ಇನ್ನೆಷ್ಟು ದಿನ ಎಂದು ಕೇಳಿದ್ದು ಅತ್ತೆಗೆ ಕೇಳಿಸಿದೆ. ಅವರು ಬೇಸರಿಸಿಕೊಂಡಿಲ್ಲ. ಬರುವ ಭಾನುವಾರದಿಂದ ಸಭೆ ಅಧ್ಯಕ್ಷರಾದ ತಮ್ಮ ಮನೆಯಲ್ಲೇ ಆಗಬಹುದೆಂದು ಊಹಿಸಿ, ಅಲ್ಲಿಗೆ ತಾನೂ ಒಮ್ಮೆ ಬರುವುದಾಗಿ ಹೇಳಿದ್ದಾರೆ. ಬಂದೂಕು ನೋಡಲು ಅಲ್ಲವಂತೆ. ತಮ್ಮ ತಾಯಿಯವರೂ ಆ ಮನೆಯಲ್ಲೇ ಇದ್ದಾರೆಂದು ಯಾರೋ ಹೇಳಿದರಂತೆ, ಅವರು ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂದು ತಮ್ಮನ್ನು ಕೇಳಿ ಬರೆಯಲು ನನಗೆ ತಿಳಿಸಿದ್ದಾರೆ.