ತಲೆಯ ಮಂಜಿಗೆ ಚೆನ್ನೆಮಣೆ

ಕಿಮೋಥೆರಪಿಯಲ್ಲಿ ಕೂದಲು ಉದುರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಉದುರಿದ್ದು ಕಾಣುತ್ತದೆ, ಕಂಡವರು ಮರುಗುತ್ತಾರೆ, ಮತ್ತೆ ಹುಟ್ಟಿದಾಗ ಅದೂ ಕಾಣುತ್ತದೆ. ನನಗಂತೂ ಮೊದಲಿಗಿಂತ ಗುಂಗುರಾಗಿ ಹುಟ್ಟಿ, ಉಡುಪಿ ಪೇಟೆಯಲ್ಲಿ ಒಬ್ಬ ಹುಡುಗಿ "ಎಲ್ಲಿ ಮಾಡಿಸಿದ್ದು ಆಂಟಿ?" ಎಂದು ಕೇಳಿದಳು. ಆದರೆ ತಲೆಯ ಹೊರಗಿನದ್ದು ಹೋಗುವಾಗ ಒಳಗಿನದ್ದನ್ನೂ ಸ್ವಲ್ಪ ಕರೆದುಕೊಂಡು ಹೋಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ರೋಗ ಹೋಯಿತು, ಡಾಕ್ಟರರು ನಕ್ಕು ಕಳಿಸಿದರು, ಅಲೆವೂರಿನ ನಮ್ಮ ಮನೆಗೆ ಬಂದು ಚಾವಡಿಯಲ್ಲಿ ಕೂತೆ. ಆಮೇಲೆ ಯಾಕೆ ಎದ್ದೆ ಎಂದು ಗೊತ್ತಾಗಲಿಲ್ಲ. ಅಲ್ಲಿಂದ ಶುರುವಾಯಿತು.

ತಮಾಷೆಯೆಂದರೆ ಹಳೆಯದ್ದೆಲ್ಲ ನೆನಪಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಊಟದ ಮುಂಚಿನ ಪ್ರಾರ್ಥನೆ ಒಂದಕ್ಷರ ಬಿಡದೆ ಬರುತ್ತಿತ್ತು. ಎದುರಿಗೆ ಊಟಕ್ಕೆ ಕೂತ ನಾದಿನಿಯ ಹೆಸರು ಮಾತ್ರ ಬರುತ್ತಿರಲಿಲ್ಲ. ಒಂದು ಸೋಮವಾರ ದೇವಸ್ಥಾನದಲ್ಲಿ ತೀರ್ಥ ತೆಗೆದುಕೊಂಡೆ. ಒದ್ದೆ ಕೈ ತಲೆಗೆ ಹೋಗುವ ಬದಲು ಹಣೆಯಿಂದ ಎದೆಗಿಳಿದು, ಅಲ್ಲಿಂದ ಎಡಭುಜ ಬಲಭುಜ ಮುಟ್ಟಿ, ಕಾನ್ವೆಂಟಿನ ಶಿಲುಬೆ ಗುರುತು ಹಾಕಿ ಬಂದಿತು. ಭಟ್ಟರು ಅದು ಯಾವ ಊರಿನ ಕ್ರಮವೋ ಎಂಬಂತೆ ನೋಡಿದರು. ಪಕ್ಕದ ಮನೆಯ ಫ್ಲೋರಿನ್ ಬಾಯಿಗೆ ಇದನ್ನು ಹೇಳಿದಾಗ ಅವರಿಗೆ ಮಾತ್ರ ಪರಮ ಸಂತೋಷ. "ಒಳ್ಳೆಯದೇ ಆಯ್ತಲ್ವಾ? ಎರಡೂ ಕಡೆಯಿಂದ ನೋಡಿಕೊಳ್ತಾರೆ" ಎಂದರು.

ಇಷ್ಟಕ್ಕೇ ನಿಂತಿದ್ದರೆ ನಗುತ್ತಾ ಕಾಲ ಹಾಕಬಹುದಿತ್ತು. ಒಂದು ಮಧ್ಯಾಹ್ನ ಕುಕ್ಕರ್ ಇಟ್ಟೆ, ಸೀಟಿ ಹೊಡೆಸಿದೆ, ಆರಿಸಿದೆ, ಎಲ್ಲ ಕ್ರಮಪ್ರಕಾರ. ಊಟಕ್ಕೆ ಕೂತ ನಮ್ಮವರ ಮುಂದೆ ಮುಚ್ಚಳ ತೆಗೆದರೆ ಒಳಗೆ ಸ್ವಚ್ಛ ಬಿಸಿನೀರು. ಅಕ್ಕಿ ತೊಳೆದ ಪಾತ್ರೆಯಲ್ಲೇ ನೆನೆಯುತ್ತಾ ಕೂತಿತ್ತು. ನಮ್ಮವರು ಬಗ್ಗಿ ನೋಡಿ, "ಗಂಜಿ ಇವತ್ತು ಸ್ವಲ್ಪ ತೆಳ್ಳಗುಂಟು ಅಲ್ವಾ?" ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆದರೆ ಅದೇ ವಾರ ಗ್ಯಾಸ್ ತಿರುಗಿಸಿ, ಲೈಟರ್ ಹುಡುಕಲು ಹೋಗಿ, ಅಂಗಳದಲ್ಲಿ ಮಲ್ಲಿಗೆ ಕೊಯ್ಯುತ್ತಾ ನಿಂತುಬಿಟ್ಟೆ. ಮಣಿಪಾಲದ ಕಚೇರಿಯಿಂದ ಮನೆಗೆ ಬಂದ ನಮ್ಮವರು ವಾಸನೆ ಹಿಡಿದು ಒಳಗೆ ಓಡಿದರು. ಆ ದಿನ ಅವರು ಬೈಯಲಿಲ್ಲ. ಕಿಟಕಿಗಳನ್ನೆಲ್ಲ ತೆರೆದು, ತುಂಬಾ ಮೆತ್ತಗೆ, "ಅಮ್ಮನನ್ನು ಬರಲು ಹೇಳ್ತೇನೆ. ನಿನ್ನ ತಲೆ ಸರಿಯಾಗುವವರೆಗೆ ಅಡುಗೆಮನೆ ಅವಳಿಗಿರಲಿ" ಎಂದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮದುವೆಯಾದಂದಿನಿಂದ ನನ್ನದು ಎಂದು ನಾನು ಹೇಳಿಕೊಂಡ ಒಂದೇ ಒಂದು ರಾಜ್ಯ ಹೀಗೆ ಮೆತ್ತಗಿನ ಮಾತಿನಲ್ಲಿ ಕೈತಪ್ಪಿತು. ಅದನ್ನು ವಾಪಸು ಪಡೆಯಬೇಕು, ಅದಕ್ಕೆ ತಲೆ ತಿಳಿಯಾಗಬೇಕು. ನನಗೆ ಆಗ ಇದ್ದ ಗುರಿ ಅದೊಂದೇ.

ಡಾಕ್ಟರರನ್ನು ಕೇಳಿದೆ. "ಇದಕ್ಕೆ ಮಾತ್ರೆ ಬೇಡಮ್ಮ. ದಿನಾ ನಡೆಯಿರಿ, ಸರಿಯಾಗಿ ನಿದ್ದೆ ಮಾಡಿ, ಒಂದು ಸಲಕ್ಕೆ ಒಂದೇ ಕೆಲಸ ಮಾಡಿ, ತಲೆಗೂ ಏನಾದರೂ ಕೆಲಸ ಕೊಡಿ. ನಿಧಾನವಾಗಿ ಮಂಜು ಕರಗುತ್ತದೆ" ಎಂದರು. ನಡೆದೆ. ಬೆಳಿಗ್ಗೆ ಗದ್ದೆಯ ಬದಿಯ ರಸ್ತೆಯಲ್ಲಿ ನಡೆದರೆ ತಲೆ ನಿಜಕ್ಕೂ ಹಗುರಾಗುತ್ತಿತ್ತು. ಅಷ್ಟರಲ್ಲಿ ಊರಿನವರ ಮದ್ದೂ ಶುರುವಾಯಿತು. ಜ್ಞಾಪಕಶಕ್ತಿಗೆ ತಿಮರೆಯನ್ನು ಮೀರಿದ್ದಿಲ್ಲ ಎಂದು ಬಂದವರೆಲ್ಲ ತಂದರು. ಒಂದೆಲಗಕ್ಕೆ ತುಳುವಿನಲ್ಲಿ ನಾವು ತಿಮರೆ ಅನ್ನುವುದು. ತಿಮರೆ ಚಟ್ನಿ, ತಿಮರೆ ತಂಬುಳಿ, ಫ್ಲೋರಿನ್ ಬಾಯಿಯ ತಿಮರೆ ಜ್ಯೂಸು. ಬೆಳಿಗ್ಗೆ ತಿಂದೆನೋ ಇಲ್ಲವೋ ನೆನಪಿಲ್ಲದೆ ಮತ್ತೆ ತಿನ್ನುತ್ತಿದ್ದೆ. ಚಟ್ನಿ ಎಷ್ಟು ಬೇಕಾದರೂ ತಿನ್ನಿ, ಬಾಟಲಿಯ ಪುಡಿಗಿಡಿ ಮಾತ್ರ ನನ್ನನ್ನು ಕೇಳದೆ ಮುಟ್ಟಬೇಡಿ ಎಂದು ಡಾಕ್ಟರರು ಮೊದಲೇ ಹೇಳಿದ್ದರಿಂದ ತಿಮರೆ ಅಡುಗೆಯ ರೂಪದಲ್ಲೇ ಉಳಿಯಿತು. ತಲೆಗೆ ಕೆಲಸ ಕೊಡಲು ನಮ್ಮವರು ಇಂಗ್ಲಿಷ್ ಪೇಪರಿನ ಪದಬಂಧ ತಂದರು. ಕಾನ್ವೆಂಟಿನವಳು ಎಂಬ ಗರ್ವದಿಂದ ಪೆನ್ನು ಹಿಡಿದು ಕೂತೆ. ಎಚ್ಚರವಾದಾಗ ಕೆನ್ನೆಯ ಮೇಲೆ ಪೇಪರಿನ ಶಾಯಿ ಇತ್ತು.

ಅತ್ತೆ ಕಾರ್ಕಳದ ದೊಡ್ಡ ಮಗನ ಮನೆಯಿಂದ ಬಂದಿಳಿದದ್ದು ತುಳುವರ ಜಡಿಮಳೆಯ ಆಟಿ ತಿಂಗಳಲ್ಲಿ. ಚೀಲದಲ್ಲಿ ಬಟ್ಟೆಗಿಂತ ಭದ್ರವಾಗಿ ಸುತ್ತಿ ತಂದದ್ದು ಒಂದು ಚೆನ್ನೆಮಣೆ. "ಪೇಪರಿನಲ್ಲಿ ಗೀಚಿದರೆ ತಲೆ ಸರಿಯಾಗುತ್ತದಾ? ಕೂತುಕೋ ಶಶಿ" ಎಂದರು. ಮಣೆಯಲ್ಲಿ ಎರಡು ಸಾಲು ಗುಳಿ, ಗುಳಿಯೊಳಗೆ ಕೆಂಪು ಮಂಜೊಟ್ಟಿ ಬೀಜದ ಕಾಯಿ. ಒಂದು ಗುಳಿಯದ್ದನ್ನು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಎಲ್ಲಿ ಮುಗಿಯುತ್ತದೆ, ಮುಂದೆ ಖಾಲಿ ಗುಳಿ ಸಿಗುತ್ತದಾ, ಅದರಾಚೆಗಿನ ಕಾಯಿ ನಮ್ಮದಾಗುತ್ತದಾ ಎಂದು ಮೊದಲೇ ಮನಸ್ಸಿನಲ್ಲಿ ಲೆಕ್ಕ ಹಾಕಬೇಕು. ನಾನು ಅರ್ಧದಲ್ಲೇ ಯಾವ ಕಡೆ ಹೋಗುತ್ತಿದ್ದೇನೆ ಎಂದು ಮರೆಯುತ್ತಿದ್ದೆ. ಅತ್ತೆ ಪ್ರತಿದಿನ ಗೆಲ್ಲುತ್ತಿದ್ದರು. ಸೋತ ಸೊಸೆಯ ಮೇಲೆ ಕನಿಕರದ ಲಕ್ಷಣ ಒಂದೂ ಅವರ ಮುಖದಲ್ಲಿ ಇರುತ್ತಿರಲಿಲ್ಲ.

ಆಟಿ ಮುಗಿದು ಸೋಣ ತಿಂಗಳು ಬಂತು. ಚೆನ್ನೆಮಣೆ ಆಟಿಯಲ್ಲಿ ಮಾತ್ರ ಆಡುವುದು, ಆಮೇಲೆ ಅಟ್ಟಕ್ಕೆ. ಬೇರೆ ತಿಂಗಳಲ್ಲಿ ಆಡಿದರೆ ಮನೆಗೆ ಆಗಿಬರುವುದಿಲ್ಲ ಎಂದು ನನಗೆ ಮದುವೆಯಾದ ಹೊಸದರಲ್ಲಿ ಕಲಿಸಿದವರೇ ಅತ್ತೆ. ನಾನು ಮಣೆ ಒರೆಸಿ ಎತ್ತಿಡಲು ಹೊರಟರೆ ಕೈ ಹಿಡಿದರು. "ಮದ್ದಿಗೆ ತಿಂಗಳು ಉಂಟಾ?" ಎಂದರು. ಅಲ್ಲಿಂದ ನಮ್ಮ ಆಟ ಬಾಗಿಲು ಹಾಕಿಕೊಂಡು ನಡೆಯಿತು. ಗೇಟಿನ ಸದ್ದಾದರೆ ಅತ್ತೆ ಮಣೆಯ ಮೇಲೆ ಮೈ ಒರೆಸುವ ಬೈರಾಸು ಹಾಕುತ್ತಿದ್ದರು. ಒಮ್ಮೆ ಹಿತ್ತಿಲ ಬಾಗಿಲಿನಿಂದ ಬಂದ ಫ್ಲೋರಿನ್ ಬಾಯಿ ನೋಡಿಯೇಬಿಟ್ಟರು.

"ಎಂತ ಇದು, ಸೋಣದಲ್ಲಿ ಚೆನ್ನೆಯಾ?"

"ಚೆನ್ನೆ ಅಲ್ಲ ಬಾಯಿ, ಟ್ರೀಟ್‌ಮೆಂಟು" ಎಂದರು ಅತ್ತೆ, ಕಣ್ಣೆತ್ತದೆ.

ಮಳೆ ಸ್ವಲ್ಪ ಹೊಳವಾದ ಒಂದು ಮಧ್ಯಾಹ್ನ ಅತ್ತೆಯ ಸರದಿ. ಅವರ ಕೈ ಗುಳಿಯಿಂದ ಗುಳಿಗೆ ಹೋಗುತ್ತಿತ್ತು, ನಾನು ಮನಸ್ಸಿನಲ್ಲೇ ಮುಂದೆ ಹೋಗಿ ಇಲ್ಲಿ ಮುಗಿಯುತ್ತದೆ ಎಂದು ಕಾಯುತ್ತಿದ್ದೆ. ಅಲ್ಲಿ ಮುಗಿಯಲಿಲ್ಲ. ಒಂದು ಗುಳಿ ಹಿಂದೆಯೇ ನಿಂತಿತು, ನನ್ನ ತುಂಬಿದ ಗುಳಿ ಅವರ ಪಾಲಾಯಿತು. ನೋಡಿದರೆ ಅವರ ಕಿರುಬೆರಳು ಮಾತ್ರ ಮಡಚಿಕೊಂಡಿದೆ.

"ಮಾಮಿ," ಎಂದೆ. ಅತ್ತೆಯನ್ನು ನಾನು ಕರೆಯುವುದು ಹಾಗೆ. "ಒಂದು ಕಾಯಿ ನಿಮ್ಮ ಬೆರಳಿನಲ್ಲೇ ಉಂಟು."

ನಾಚಿಕೆಯಾದೀತು ಎಂದುಕೊಂಡರೆ ಅವರ ಮುಖ ಅರಳಿತು. "ಬಂದ ದಿನದಿಂದ ಮಾಡ್ತಾ ಇದ್ದೇನೆ ಮಾರಾಯ್ತಿ. ಇವತ್ತು ಕಂಡಿತಾ ನಿನಗೆ?"

"ನನ್ನನ್ನು ಪರೀಕ್ಷೆ ಮಾಡಲಿಕ್ಕಾ?"

"ಎಂತ ಪರೀಕ್ಷೆ? ಗೆಲ್ಲಲಿಕ್ಕೆ!"

ಸಂಜೆ ಮಗ ಸ್ಕೂಟರ್ ನಿಲ್ಲಿಸುವ ಮೊದಲೇ ಸುದ್ದಿ ಹೇಳಿದರು: "ರಮೇಶಾ, ಇವಳ ತಲೆ ಸರಿಯಾಯ್ತು. ನನ್ನ ಕಳ್ಳತನ ಹಿಡಿದಳು. ನಾಡಿದ್ದು ನಾನು ಕಾರ್ಕಳಕ್ಕೆ." ಲೈಟರನ್ನು ನನ್ನ ಕೈಗೆ ಕೊಟ್ಟರು. ಮರುದಿನ ನಾನೇ ಅಡುಗೆ ಮಾಡಿದೆ. ಅನ್ನ ಇಟ್ಟರೆ ಅನ್ನವನ್ನೇ ನೋಡಿದೆ, ಒಗ್ಗರಣೆಗೆ ನಿಂತರೆ ಫೋನು ಎತ್ತಲಿಲ್ಲ, ಗ್ಯಾಸ್ ಆರಿಸಿದೆನಾ ಎಂದು ಬಾಯಿ ಬಿಟ್ಟು ಹೇಳಿಕೊಂಡೆ. ಎಲ್ಲ ಸರಿಯಾಯಿತು. ನನ್ನ ರಾಜ್ಯ ನನಗೆ ಬಂತು. ಉಂಡ ಮೇಲೆ ಅತ್ತೆ ಒಳಗೆ ಸೀರೆ ಮಡಚುವ ಸದ್ದು ಕೇಳುತ್ತಾ, ನಾಳೆಯಿಂದ ಈ ರಾಜ್ಯದಲ್ಲಿ ಮಧ್ಯಾಹ್ನವಿಡೀ ಮಾತಾಡಲು ಒಂದು ಪ್ರಜೆಯೂ ಇರುವುದಿಲ್ಲವಲ್ಲ ಎಂದು ಹೊಳೆಯಿತು.

ಹೊರಡುವ ಬೆಳಿಗ್ಗೆ ಬಸ್ಸಿಗೆ ಹೊತ್ತಿತ್ತು. "ಒಂದಾಟ ಮಾಮಿ" ಎಂದೆ. ಕೂತರು. ಮೂರನೆಯ ಸರದಿಯಲ್ಲೇ ಕಿರುಬೆರಳು ಮಡಚಿತು. ನಾನು ಕಿಟಕಿಯಾಚೆ ಬಾಳೆಗಿಡ ನೋಡಿದೆ.

"ಏನೂ ಕಾಣಲಿಲ್ಲವಾ ನಿನಗೆ?"

"ಎಂತದು ಮಾಮಿ?"

ಅತ್ತೆ ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ ಕೂಗಿದರು: "ರಮೇಶಾ, ಆ ಬ್ಯಾಗು ಒಳಗಿಡು. ಇವಳಿಗೆ ಇನ್ನೂ ಸ್ವಲ್ಪ ಮಂಜು ಉಂಟು."

ನಮ್ಮವರು ಗಾಬರಿಯಿಂದ ಬಂದರು. "ಹಾಗಾದ್ರೆ ಗ್ಯಾಸು?"

"ಗ್ಯಾಸಿಗೆ ತೊಂದರೆ ಇಲ್ಲ. ಚೆನ್ನೆಗೆ ಮಾತ್ರ."

ಹೀಗೆ ಈಗ ಒಲೆ ನನ್ನದು, ತರಕಾರಿ ಹೆಚ್ಚುವುದು ಅತ್ತೆಯದು, ಮಧ್ಯಾಹ್ನ ಇಬ್ಬರದ್ದು. ಅವರು ಕದಿಯುತ್ತಾರೆ, ನಾನು ಕಾಣದವಳಂತೆ ಇರುತ್ತೇನೆ, ಕಂಡದ್ದು ಅವರಿಗೂ ಗೊತ್ತು. ಕಳೆದ ವಾರ ಆಟ ಮುಗಿದ ಮೇಲೆ ಅತ್ತೆ ನಗುತ್ತಾ ಮುಷ್ಟಿ ಬಿಚ್ಚಿದರು. ಒಳಗೆ ಒಂದು ಹಿಡಿ ಕೆಂಪು ಕಾಯಿ. "ಇಷ್ಟು ತೆಗೆದರೂ ಒಂದು ರೆಪ್ಪೆ ಅಲುಗಿಸಲಿಲ್ಲವಲ್ಲ! ನಾಟಕ ನಿನ್ನಿಂದ ಕಲಿಯಬೇಕು ಮಾರಾಯ್ತಿ" ಎಂದರು.

ದೇವರಾಣೆ, ಆ ದಿನ ನನಗೆ ಒಂದೂ ಕಂಡಿರಲಿಲ್ಲ. ರಾತ್ರಿ ನಿದ್ದೆ ಕಡಿಮೆಯಾಗಿತ್ತು, ತಲೆ ಮತ್ತೆ ಹತ್ತಿಯಂತೆ ಇತ್ತು. ಹೇಳಬೇಕೆಂದು ಬಾಯಿ ತೆರೆದೆ. ಆಮೇಲೆ ಸುಮ್ಮನೆ ಮುಗುಳ್ನಕ್ಕೆ. ನನ್ನನ್ನು ಬುದ್ಧಿವಂತೆ ಎಂದು ಯಾರಾದರೂ ತಪ್ಪು ತಿಳಿದುಕೊಂಡಾಗ ತಿದ್ದಲು ಹೋಗುವಷ್ಟು ನನ್ನ ತಲೆ ಕೆಟ್ಟಿಲ್ಲ.