ಬಿಡುಗಡೆ ದಿನಾಂಕದ ಬಿಡುಗಡೆ ಸಮಾರಂಭ

ಒಂದು ಚಲನಚಿತ್ರವು ಬಿಡುಗಡೆಯಾಗುವ ಮೊದಲು ಅದಕ್ಕೆ ಸಂಬಂಧಪಟ್ಟ ಉಳಿದೆಲ್ಲವೂ ಬಿಡುಗಡೆಯಾಗಿರತಕ್ಕದ್ದು. ಇದು ಆ ಚಿತ್ರಸಂಸ್ಥೆಯ ಬಿಡುಗಡೆ ವಿಭಾಗದ ಮೊದಲನೆಯ ನಿಯಮ. ಎರಡನೆಯ ನಿಯಮವೂ ಇದೇ. ಆದರೆ ಅದನ್ನು ಪ್ರತ್ಯೇಕ ಸಮಾರಂಭದಲ್ಲಿ ಬಿಡುಗಡೆ ಮಾಡಲಾಗಿತ್ತು.

ಸಂಸ್ಥೆಯಲ್ಲಿ ಸಿನಿಮಾ ತೆಗೆಯುವವರಿಗೆ ಇದ್ದದ್ದು ಲಿಫ್ಟಿನ ಮೋಟಾರಿನ ಪಕ್ಕದ ಒಂದು ಕೋಣೆ. ಬಿಡುಗಡೆ ವಿಭಾಗಕ್ಕೆ ಇಡೀ ಮಹಡಿ. ಅಲ್ಲಿ ಕತ್ತರಿಗಳಿಗೇ ಒಂದು ಬೀರು, ಪರದೆಗಳಿಗೆ ಇನ್ನೊಂದು. ಜನ ಕಡಿಮೆ ಬಂದರೆ ಇರಲಿ ಅಂತ ಚಪ್ಪಾಳೆಯ ಧ್ವನಿಮುದ್ರಣ ಬೇರೆ. ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ರಿಬ್ಬನ್ ಸಾರ್ ಎನ್ನುತ್ತಿದ್ದರು. ಮಧ್ಯಾಹ್ನ ತಮ್ಮ ಊಟದ ಡಬ್ಬಿಯ ಮುಚ್ಚಳವನ್ನೂ ಅವರು ಯಾರಾದರೂ ಗಣ್ಯರ ಕೈಯಲ್ಲೇ ತೆಗೆಸುತ್ತಾರೆ ಎಂದು ವದಂತಿಯಿತ್ತು. ವದಂತಿಯನ್ನು ಬಿಡುಗಡೆ ಮಾಡಿದ್ದೂ ಅವರೇ.

ನಮ್ಮ ನಿರ್ದೇಶಕ ತನ್ನ ಮೊದಲ ಸಿನಿಮಾ ‘ಮೂರನೇ ಮಹಡಿ’ಯನ್ನು ಮುಗಿಸಿ ಅವರ ಮುಂದೆ ಹೋಗಿ ನಿಂತ. ಕೊನೆಯ ದೃಶ್ಯದಲ್ಲಿ ನಾಯಕಿ ಮನೆಗೆ ಹಿಂತಿರುಗಿ ಬಾಗಿಲು ತಟ್ಟುತ್ತಾಳೆ. ಒಬ್ಬ ಮುದುಕಿ ಬಾಗಿಲು ತೆಗೆದು, ನೋಡಿ, ಏನೂ ಕೇಳದೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ. ಆ ಪಾತ್ರದ ನಟಿ ಶೂಟಿಂಗಿಗೆ ಕೈಕೊಟ್ಟಿದ್ದರಿಂದ ನಿರ್ದೇಶಕ ತನ್ನ ಅಮ್ಮನನ್ನೇ ನಿಲ್ಲಿಸಿದ್ದ. ಅಮ್ಮ ಒಂದೇ ಸಲಕ್ಕೆ ಮಾಡಿ ಮುಗಿಸಿ, “ಇಷ್ಟಕ್ಕೆ ಇಷ್ಟು ಲೈಟು ಹಾಕ್ತೀರಾ?” ಎಂದು ಕೇಳಿ ಮನೆಗೆ ಹೋಗಿದ್ದಳು. ಹೋಗುವಾಗ ದಾರಿಯಲ್ಲಿ ಥಿಯೇಟರಿಗೆ ಹಾಕಿಕೊಂಡು ಹೋಗಲೆಂದು ಒಂದು ಜೊತೆ ಹೊಸ ಚಪ್ಪಲಿ ಕೊಂಡಿದ್ದಳು. ಅದು ಡಬ್ಬಿಯ ಸಮೇತ ಬೀರುವಿನ ಮೇಲಿತ್ತು.

“ಫೋನಲ್ಲೇ ತೋರಿಸ್ತೀನಿ ಬಾಮ್ಮ” ಎಂದು ಮಗ ಎಷ್ಟೋ ಸಲ ಕರೆದಿದ್ದ.

“ಅಂಗೈಯಷ್ಟರಲ್ಲಿ ನನ್ನ ನಾನು ನೋಡ್ಕೊಳ್ಳೋಕೆ ಕನ್ನಡಿ ಇದೆ. ನನಗೆ ಗೋಡೆಯಷ್ಟು ಕಾಣಬೇಕು. ಆ ಥಿಯೇಟರಿನ ಮೆಟ್ಟಿಲು ನೋಡಿದೀಯಾ? ನನ್ನ ಮಂಡಿ ಇನ್ನೂ ಮಾತು ಕೇಳ್ತಿರೋವಾಗ್ಲೇ ರಿಲೀಸ್ ಮಾಡಿಬಿಡಪ್ಪ.”

ಹೀಗಾಗಿ ನಿರ್ದೇಶಕನಿಗೆ ಸ್ವಲ್ಪ ಅವಸರವಿತ್ತು. ಅವಸರ ವಿಭಾಗದ ನಿಯಮಗಳಲ್ಲಿ ಇರಲಿಲ್ಲ.

“ಸಾರ್, ಸಿನಿಮಾ ರೆಡಿ ಇದೆ.”

“ಇರಬಹುದು. ಹೆಸರು ರಿಲೀಸ್ ಆಗಿದೆಯೇನ್ರೀ?” ರಿಬ್ಬನ್ ಸಾರ್ ಕನಿಕರದಿಂದ ಕೇಳಿದರು. “ಹೆಸರೇ ಇಲ್ಲದ್ದನ್ನ ಜನ ಏನಂತ ನೋಡ್ತಾರೆ?”

ಹೆಸರನ್ನು ಒಮ್ಮೆಗೇ ಬಿಟ್ಟರೆ ಜನ ತಡೆದುಕೊಳ್ಳಲಾರರು ಎಂಬ ಕಾಳಜಿಯಿಂದ ಒಂದೊಂದೇ ಅಕ್ಷರವನ್ನು ಬಿಡುಗಡೆ ಮಾಡಲಾಯಿತು. ಮೊದಲು ‘ಮೂ’. ಒಬ್ಬ ಹಿರಿಯ ನಟರು ಬಂದು ಪರದೆ ಸರಿಸಿ, ಇಂಥ ‘ಮೂ’ ತಮ್ಮ ಕಾಲದಲ್ಲಿ ಬಂದಿರಲಿಲ್ಲ ಎಂದು ಗದ್ಗದಿತರಾದರು. ಮರುದಿನದ ಪತ್ರಿಕೆಗಳು ‘ಭಾರೀ ನಿರೀಕ್ಷೆ ಹುಟ್ಟಿಸಿದ ಮೂ’ ಎಂದು ಬರೆದವು. ಒಬ್ಬ ವಿಮರ್ಶಕ ಮಾತ್ರ ದೀರ್ಘ ಸ್ವಲ್ಪ ಜಾಸ್ತಿಯಾಯಿತು ಎಂದ.

ಆಮೇಲೆ ಪೋಸ್ಟರು ಬಿಡುಗಡೆಯಾಯಿತು. ಅದಕ್ಕೆ ಮೊದಲು ಪೋಸ್ಟರು ಬರಲಿದೆ ಎಂಬ ಪೋಸ್ಟರು ಬಿಡುಗಡೆಯಾಗಿತ್ತು. ನಾಯಕನ ಮೀಸೆ, ಹಾಡಿನ ಪಲ್ಲವಿ, ಪಲ್ಲವಿಗೂ ಹಿಂದಿನ ಗುನುಗು, ಚಿತ್ರೀಕರಣ ಹೇಗೆ ನಡೆಯಿತು ಎಂಬ ವಿಡಿಯೋ, ಆ ವಿಡಿಯೋವನ್ನು ಹೇಗೆ ಚಿತ್ರೀಕರಿಸಲಾಯಿತು ಎಂಬ ಇನ್ನೊಂದು ವಿಡಿಯೋ, ಎಲ್ಲವೂ ಕ್ರಮವಾಗಿ ಹೊರಬಂದವು. ನಾಯಕಿ ದೃಶ್ಯವೊಂದರಲ್ಲಿ ಕೊಡವಿದ ಕೊಡೆಯೊಂದು ಪಟ್ಟಿಯಿಂದ ತಪ್ಪಿಹೋಗಿತ್ತು. ಅದಕ್ಕೆ ವಿಶೇಷ ಅನುಮತಿ ಪಡೆದು ಆಮೇಲೆ ಬಿಡುಗಡೆ ಮಾಡಿದರು.

ಟೀಸರಿನ ಸರದಿ ಬಂದಾಗ ರಿಬ್ಬನ್ ಸಾರ್ ಕೊನೆಯ ದೃಶ್ಯದಿಂದಲೇ ಒಂದು ಚೂರು ಕತ್ತರಿಸಿಕೊಂಡರು. ಬಾಗಿಲು ತೆಗೆಯುವ ಮುದುಕಿಯ ಕೈ, ಮಣಿಕಟ್ಟಿನವರೆಗೆ ಮಾತ್ರ.

“ಸಾರ್, ಅದು ಸಿನಿಮಾದ ಕೊನೆ.”

“ಕೊನೇನ ಒಳಗಿಟ್ಕೊಂಡು ಉಪ್ಪು ಹಾಕ್ತೀರಾ? ಕೊನೆ ಗೊತ್ತಾದ್ರೆ ಜನ ನೆಮ್ಮದಿಯಾಗಿ ಕೂತ್ಕೋತಾರೆ.”

ಆ ಕೈಯ ಹಿಂಬದಿಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಕಲೆಯೊಂದಿತ್ತು. ಅದನ್ನು ಗುರುತು ಹಿಡಿದ ಕೆಳಮನೆಯಾಕೆ ಮೆಟ್ಟಿಲಿನಲ್ಲೇ ನಿರ್ದೇಶಕನ ಅಮ್ಮನನ್ನು ತಡೆದಳು.

“ಏನ್ ದೊಡ್ಡಮ್ಮಾ, ನಿಮ್ಮ ಕೈ ರಿಲೀಸ್ ಆಯ್ತಂತೆ?”

“ಆಯ್ತು ಕಣಮ್ಮಾ. ಮುಖ ಇನ್ನೂ ಒಳಗೇ ಇದೆ.”

ಅಂದು ಅಮ್ಮ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು ಮಗ ಕಂಡ. ಕಂಡವನೇ ನೇರ ವಿಭಾಗಕ್ಕೆ ಹೋಗಿ, ಇನ್ನು ಬಿಡುಗಡೆಗೆ ಏನು ಬಾಕಿ ಇದೆ ಎಂದು ಗಟ್ಟಿಯಾಗಿ ಕೇಳಿದ.

“ದಿನಾಂಕ” ಎಂದರು ರಿಬ್ಬನ್ ಸಾರ್. “ಸಿನಿಮಾ ಬಿಡುಗಡೆಯ ದಿನಾಂಕ ಗೊತ್ತಾಗಿದೆ. ಅದನ್ನ ಬಿಡುಗಡೆ ಮಾಡಬೇಕು. ಅದಕ್ಕೂ ಅವತ್ತನ್ನೇ ಗೊತ್ತು ಮಾಡಿದೀವಿ.”

“ಸಿನಿಮಾ ಬಿಡುಗಡೆಯ ದಿನವೇ ದಿನಾಂಕದ ಬಿಡುಗಡೆಯಾ?”

“ಮುಂಚೆಯೇ ಮಾಡಿದ್ರೆ ದಿನಾಂಕ ಹಳಸಿಹೋಗುತ್ತೆ ಕಣ್ರೀ. ದೊಡ್ಡ ಸಮಾರಂಭ. ಥಿಯೇಟರಿನಲ್ಲೇ ಇಟ್ಕೊಂಡಿದೀವಿ.”

“ಹಾಗಾದ್ರೆ ಸಿನಿಮಾ ಎಲ್ಲಿ ತೋರಿಸೋದು ಸಾರ್?”

“ಥಿಯೇಟರಲ್ಲಿ.”

“ಅಲ್ಲಿ ಸಮಾರಂಭ ಇದೆಯಲ್ಲ.”

“ಇದೆ” ಎಂದು ರಿಬ್ಬನ್ ಸಾರ್ ಒಪ್ಪಿಕೊಂಡರು. ಆಮೇಲೆ ಅವರು ಕತ್ತರಿಗೆ ಎಣ್ಣೆ ಬಿಡಲು ಎದ್ದುಹೋದರು.

ಗೊತ್ತುಪಡಿಸಿದ ದಿನ ಅಮ್ಮ ಹೊಸ ಚಪ್ಪಲಿ ಹಾಕಿಕೊಂಡು ಬಂದಳು. ಥಿಯೇಟರಿನ ಮೆಟ್ಟಿಲುಗಳನ್ನು ಒಂದೊಂದಕ್ಕೂ ನಿಂತು, ಮಗನ ತೋಳಿಗೆ ಜೋತು ಹತ್ತಿದಳು. ಗೋಡೆಯಷ್ಟು ದೊಡ್ಡ ಪರದೆ ನೋಡಿ ಸಮಾಧಾನದಿಂದ ಕೂತಳು. ರಿಬ್ಬನ್ ಕತ್ತರಿಸಲಾಯಿತು, ದೀಪ ಆರಿತು, ಪರದೆಯ ತುಂಬ ಅಂದಿನ ದಿನಾಂಕ ಮೂಡಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕ್ಯಾಲೆಂಡರಿನಲ್ಲಿ ಬೆಳಿಗ್ಗೆಯೇ ನೋಡಿದ್ದವರೂ ತಟ್ಟಿದರು. ಭಾಷಣಗಳು ಮುಗಿಯುವ ಹೊತ್ತಿಗೆ ಥಿಯೇಟರಿನ ಬಾಗಿಲು ಹಾಕುವ ಸಮಯವಾಗಿತ್ತು. ಆಗ ಈ ಪ್ರಕಟಣೆಯನ್ನು ಓದಲಾಯಿತು:

“ಚಿತ್ರದ ಸಕಲ ಭಾಗಗಳೂ ದಿನಾಂಕ ಸಮೇತ ಯಶಸ್ವಿಯಾಗಿ ಬಿಡುಗಡೆಯಾಗಿರುವುದರಿಂದ, ಚಿತ್ರವನ್ನೂ ಬಿಡುಗಡೆ ಮಾಡಿದಲ್ಲಿ ಅದು ಪುನರಾವರ್ತನೆಯಾಗುವುದೆಂದು ಪರಿಗಣಿಸಿ, ಸದರಿ ಕ್ರಮವನ್ನು ಕೈಬಿಡಲಾಗಿದೆ. ಪ್ರೇಕ್ಷಕ ಮಹಾಶಯರು ಸಹಕರಿಸತಕ್ಕದ್ದು.”

ಪ್ರೇಕ್ಷಕ ಮಹಾಶಯರು ಸಹಕರಿಸಿದರು. ಹೊರಗೆ ಮೈಕು ಹಿಡಿದು ನಿಂತವರಿಗೆ ಒಬ್ಬ, ಪಿಚ್ಚರ್ ಸೂಪರ್, ಫ್ಯಾಮಿಲಿ ಕೂತು ನೋಡಬಹುದು ಎಂದ. ಇನ್ನೊಬ್ಬ ಯೋಚಿಸಿ, ಸೆಕೆಂಡ್ ಹಾಫ್ ಸ್ವಲ್ಪ ಎಳೆದಿದ್ದಾರೆ ಎಂದ.

ಸಂಸ್ಥೆಯ ಯಜಮಾನರು ಬಂದು ನಿರ್ದೇಶಕನ ಬೆನ್ನು ತಟ್ಟಿದರು. “ಗೆದ್ದುಬಿಟ್ರಿ. ಎರಡನೇ ಭಾಗ ಶುರುಮಾಡಿ.”

ನಿರ್ದೇಶಕ ಒಮ್ಮೆ ಅಮ್ಮನನ್ನು ನೋಡಿದ. ಕೇಳಬೇಕಾದ್ದು ಬಹಳವಿತ್ತು. ಕೇಳಿದ್ದು ಇಷ್ಟೇ: “ಅದರಲ್ಲಾದ್ರೂ ಅಮ್ಮನ ಮುಖ ಬರುತ್ತಾ ಸಾರ್?”

“ಬರದೆ ಏನು?” ಎಂದರು ಪಕ್ಕದಲ್ಲಿದ್ದ ರಿಬ್ಬನ್ ಸಾರ್. “ಮೊದಲು ಹಣೆ ಬಿಡೋಣ. ಆಮೇಲೆ ಹುಬ್ಬು.”

“ಕಣ್ಣಿಗೆ ಬರೋ ಹೊತ್ತಿಗೆ ನನ್ನ ಮಂಡಿ ಇರುತ್ತಾ ಕೇಳಪ್ಪ” ಎಂದಳು ಅಮ್ಮ.

“ಬೇಕಾದ್ರೆ ಮಂಡೀನೇ ಮೊದಲು ಬಿಡೋಣ ತಾಯಿ” ಎಂದು ರಿಬ್ಬನ್ ಸಾರ್ ಬರೆದುಕೊಂಡರು. ನಿರ್ದೇಶಕ ಎರಡನೇ ಭಾಗಕ್ಕೆ ಅಲ್ಲೇ ಸಹಿ ಹಾಕಿದ.

ಸಮಾರಂಭದಲ್ಲಿ ಕತ್ತರಿಸಿದ್ದ ರಿಬ್ಬನ್ನಿನ ತುಂಡೊಂದನ್ನು ಅಮ್ಮ ನೆಲದಿಂದ ಹೆಕ್ಕಿ ತಂದಿದ್ದಳು. ಮನೆಗೆ ಬಂದು ಚಪ್ಪಲಿಯನ್ನು ಒರೆಸಿ, ಡಬ್ಬಿಯಲ್ಲಿಟ್ಟು, ಆ ತುಂಡಿನಿಂದ ಕಟ್ಟಿದಳು. ಮರುದಿನ ಬೆಳಿಗ್ಗೆ ಕೆಳಮನೆಯಾಕೆಯನ್ನೂ ಎದುರುಮನೆಯವರನ್ನೂ ಕರೆದು ಮೆಟ್ಟಿಲ ಬಳಿ ನಿಲ್ಲಿಸಿ, ಮಗನಿಗೆ ಕತ್ತರಿ ತರಲು ಹೇಳಿದಳು. ಅವನು ಯಾಕೆಂದು ಕೇಳಲಿಲ್ಲ, ತಂದುಕೊಟ್ಟ. ಕೆಳಮನೆಯಾಕೆ ರಿಬ್ಬನ್ ಕತ್ತರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಚಪ್ಪಲಿ ಮೆಟ್ಟಿ ಬಾಗಿಲ ತನಕ ನಡೆದು ಹಿಂತಿರುಗಿದಳು.

“ಬಹಳ ಚೆನ್ನಾಗಿದೆ ದೊಡ್ಡಮ್ಮಾ. ಎಲ್ಲಿಗೆ ಹೊರಟ್ರಿ?”

“ಎಲ್ಲಿಗೂ ಇಲ್ಲಮ್ಮ” ಎಂದಳು ಅಮ್ಮ, ಚಪ್ಪಲಿ ಬಿಚ್ಚುತ್ತಾ. “ಬರೀ ರಿಲೀಸು.”